ಟರ್ಪಾಲು ಕಟ್ಟಿದ ಥರ್ಮಾಮೀಟರ್

ಡಯಾಲಿಸಿಸ್ ಯಂತ್ರದ ಪಕ್ಕ ಎಡಗೈ ಚಾಚಿ ಮಲಗಿರುತ್ತಿದ್ದ ಅಣ್ಣ, ನಾನು ಒಳಗೆ ಕಾಲಿಟ್ಟ ಕೂಡಲೇ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಊಟ ಆಯಿತಾ ಎಂದಲ್ಲ, ಹೊರಗೆ ಮಳೆ ಉಂಟಾ ಎಂದೂ ಅಲ್ಲ.

"ಎಂತ ಮಾರಾಯ್ತಿ, ನನ್ನದು ಲೆಕ್ಕಕ್ಕೆ ಬಂತಾ?"

ನಮ್ಮ ಮನೆಮಾತು ತುಳು. ಆದರೆ ಅಣ್ಣ ಈ ಪ್ರಶ್ನೆಯನ್ನು ಮಾತ್ರ ಕನ್ನಡದಲ್ಲಿ ಕೇಳುತ್ತಿದ್ದ. ಕಾರ್ಕಳದ ಹೈಸ್ಕೂಲಿನಲ್ಲಿ ಆಯುಷ್ಯವಿಡೀ ವಿಜ್ಞಾನ ಕಲಿಸಿ ನಿವೃತ್ತನಾದವನು. ವಿಜ್ಞಾನದ ಮಾತು ಬಂದರೆ ಅವನ ನಾಲಗೆ ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು. ನಾನು, ಇನ್ನೂ ಇಲ್ಲ ಅಣ್ಣ, ನೋಡುತ್ತಾ ಇದ್ದೇವೆ ಎನ್ನುತ್ತಿದ್ದೆ. ಅವನು ತಲೆಯಾಡಿಸಿ ಸೂರು ನೋಡುತ್ತಿದ್ದ. ದಿನ ಬಿಟ್ಟು ದಿನ ಅವನು ಅತ್ತಿಗೆಯ ಜೊತೆ ಬಸ್ಸಿನಲ್ಲಿ ಮಣಿಪಾಲಕ್ಕೆ ಬರುತ್ತಿದ್ದ. ಅಲ್ಲಿಯೇ ಗುಡ್ಡದ ಮೇಲಿನ ಕಾಲೇಜಿನಲ್ಲಿ ಮಧ್ಯಾಹ್ನದ ಪಾಠ ಮುಗಿಸಿ ನಾನು ಕೆಳಗಿಳಿದು ಅವನ ಹತ್ತಿರ ಹೋಗುತ್ತಿದ್ದೆ. ಆ ಹೊತ್ತಿಗೆ ನಮ್ಮಿಬ್ಬರಲ್ಲೂ ಮಾತಾಡುವಷ್ಟು ತ್ರಾಣ ಇರುತ್ತಿರಲಿಲ್ಲ. ಆದರೂ ಆ ಪ್ರಶ್ನೆ ತಪ್ಪುತ್ತಿರಲಿಲ್ಲ.

ಲೆಕ್ಕ ಯಾವುದೆಂದು ಮೊದಲು ಹೇಳಬೇಕು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿಯ ಮೇಲ್ಮೈ ಸರಾಸರಿ ಎಷ್ಟು ಡಿಗ್ರಿ ಬಿಸಿಯಾಗುತ್ತದೆ? ಇದೇ ನನ್ನ ಕಸುಬು. ನಾನು ಓದುವ ಕಾಲಕ್ಕೆ ಪುಸ್ತಕಗಳಲ್ಲಿದ್ದ ಉತ್ತರ, ಒಂದೂವರೆಯಿಂದ ನಾಲ್ಕೂವರೆಯ ನಡುವೆ ಎಲ್ಲೋ ಒಂದು ಕಡೆ. ಈಗ ತಲೆ ಹಣ್ಣಾಗಿದೆ. ಉತ್ತರ ಬಹುಶಃ ಎರಡೂವರೆಯಿಂದ ನಾಲ್ಕರ ನಡುವೆ. ಲೋಕದ ಎಷ್ಟೋ ಮಂದಿ ಬುದ್ಧಿವಂತರು, ನನ್ನಂಥ ಸಾಧಾರಣರೂ ಸೇರಿ, ಜೀವ ತೇಯ್ದು ಗಳಿಸಿದ್ದು ಇಷ್ಟು. ಮೋಡಗಳು ಕೈಗೆ ಸಿಗುವುದಿಲ್ಲ, ಸಮುದ್ರ ಎಷ್ಟು ಬಿಸಿಯನ್ನು ಹೊಟ್ಟೆಗೆ ಹಾಕಿಕೊಂಡಿದೆ ಎಂದು ಬೇಗ ಬಾಯಿ ಬಿಡುವುದಿಲ್ಲ, ಕಾರ್ಖಾನೆಗಳ ಹೊಗೆ-ಧೂಳು ಎಷ್ಟು ಬಿಸಿಲನ್ನು ಮರೆಮಾಡಿದೆ ಎಂದು ಖಚಿತವಾಗಿ ಹೇಳಲಾಗುವುದಿಲ್ಲ. ಇವನ್ನೆಲ್ಲ ಪ್ರತಿವರ್ಷ ಹೊಸ ಮಕ್ಕಳಿಗೆ ಹೊಸದಾಗಿ ವಿವರಿಸಬೇಕು. ಈ ಅನಿಲ ಭೂಮಿಗೆ ಕಂಬಳಿ ಹೊದಿಸಿದಂತೆ ಎಂದು ಪುಸ್ತಕದಲ್ಲಿದೆ. ಈ ಸೆಕೆಯ ಊರಿನಲ್ಲಿ ಕಂಬಳಿ ಹೊದ್ದವರು ಯಾರು? ಮಕ್ಕಳು ಪಾಪ, ಗೌರವಕ್ಕೆ ತಲೆಯಾಡಿಸುತ್ತಾರೆ.

ಒಮ್ಮೆ ಹೂಡೆಯಲ್ಲಿ ಮೀನು ಮಾರುವ ಹೆಂಗಸರ ಕೂಟವೊಂದು ನನ್ನನ್ನು ಮಾತಿಗೆ ಕರೆದಿತ್ತು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ, ನಡುವೆ ಪಟ್ಟಿಯಷ್ಟು ನೆಲ. ಅವರಿಗೆ ಕೇಳುವ ಹಕ್ಕು ಇತ್ತು. ನಾನು ಎರಡೂವರೆಯಿಂದ ನಾಲ್ಕು ಎಂದೆ. ಎದುರಿಗೆ ಕುಳಿತ ಹೆಂಗಸೊಬ್ಬರು, ದೋಣಿ ಬರುವುದು ಬೆಳಿಗ್ಗೆಯಾ ಸಂಜೆಯಾ ಎಂದು ಕೇಳಿದರೆ ಇವತ್ತು ಎಂದ ಹಾಗಾಯಿತಲ್ಲ ಟೀಚರ್ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ಬಸ್ಸಿನಲ್ಲಿ ಕಾಪುವಿನ ಕಡೆ ಬರುತ್ತಾ ಬೇಸರ ಹತ್ತಿತು. ಅವರ ಮೇಲಲ್ಲ, ನನ್ನ ಕಸುಬಿನ ಮೇಲೆ. ಇನ್ನಂಜೆಯ ನನ್ನ ಮನೆಗೆ ಬಂದು ಚಹಾ ಕುಡಿಯುವ ಹೊತ್ತಿಗೆ ಆ ಬೇಸರವೂ ಹಳೆಯದಾಗಿತ್ತು. ಬೇಸರಪಡುವುದಕ್ಕೂ ಒಂದು ವಯಸ್ಸು ಬೇಕಲ್ಲ.

ಇನ್ನು ಅಣ್ಣನ ಪೆಟ್ಟಿಗೆಯ ವಿಷಯ. ಅವನ ಶಾಲೆಯ ಅಂಗಳದಲ್ಲಿ ಒಂದು ಹವಾಮಾನದ ಪೆಟ್ಟಿಗೆ ಇತ್ತು. ನಾಲ್ಕು ಕಾಲಿನ ಮೇಲೆ ನಿಂತ ಮರದ ಬಿಳಿ ಪೆಟ್ಟಿಗೆ. ಸುತ್ತಲೂ ಕಿಟಕಿಯ ಹಾಗೆ ಓರೆ ಪಟ್ಟಿಗಳು, ಗಾಳಿ ಆಡಬೇಕು, ಬಿಸಿಲು ನೇರ ಬೀಳಬಾರದು ಎಂದು. ಒಳಗೆ ಥರ್ಮಾಮೀಟರುಗಳು. ಹೊಸ ಕಟ್ಟಡ ಏಳುವಾಗ ಅದನ್ನು ಕಿತ್ತು ಸೌದೆಯ ರಾಶಿಗೆ ಹಾಕಿದ್ದರಂತೆ. ಅಣ್ಣ ಕೇಳಿಕೊಂಡು, ಆಟೋ ಟೆಂಪೋದಲ್ಲಿ ಮನೆಗೆ ತಂದ. ಮನೆಯ ಹಿಂದೆ, ದನದ ಕೊಟ್ಟಿಗೆ ದಾಟಿ ಬಯಲಿನಲ್ಲಿ ನಿಲ್ಲಿಸಿದ. ಅಂದಿನಿಂದ ಬೆಳಿಗ್ಗೆ ಸ್ನಾನ ಮಾಡಿ, ಕಾಫಿಗೂ ಮುಂಚೆ, ಅದರ ಬಾಗಿಲು ತೆಗೆದು ಅಂಕಿ ನೋಡಿ ಪುಸ್ತಕದಲ್ಲಿ ಬರೆದಿಡುವುದು ಅವನ ಪಾಲಿಗೆ ದೇವರ ದೀಪ ಹಚ್ಚಿದಂತೆಯೇ ಆಯಿತು. ದೂರದ ಕಲ್ಲುಕೋರೆಯ ಧೂಳು ಬಿಳಿ ಬಣ್ಣದ ಮೇಲೆ ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದ. ಮಳೆಯಲ್ಲಿ ಅತ್ತಿಗೆ ಕೊಡೆ ಹಿಡಿದು ನಿಲ್ಲುತ್ತಿದ್ದರು. ಮದುವೆ ಮುಂಜಿಗೆ ಹೋದರೆ ಬೆಳಿಗ್ಗೆಯ ಅಂಕಿ ನೋಡಿಯೇ ಹೊರಡಬೇಕು. ಅತ್ತಿಗೆ ಇದಕ್ಕಾಗಿ ತಪ್ಪಿಸಿಕೊಂಡ ಧಾರೆ ಮುಹೂರ್ತಗಳನ್ನು ಬೇಕಿದ್ದರೆ ಈಗಲೂ ಹೇಳಿಯಾರು.

ನಾನು ಬೇರೆ ಊರುಗಳಲ್ಲಿ ಕೆಲಸ ಮಾಡಿ ಮಣಿಪಾಲಕ್ಕೆ ಮರಳಿದ ಮೇಲೆ, ಕರಾವಳಿಯಿಂದ ಘಟ್ಟದ ಬುಡದ ತನಕ ಇಂಥ ಹಳೆಯ ಅಂಕಿಗಳನ್ನು ಒಟ್ಟುಮಾಡುವ ಕೆಲಸ ಹಿಡಿದೆ. ಈವರೆಗೆ ಅನಿಲ ಎಷ್ಟು ಏರಿದೆ, ಈವರೆಗೆ ನೆಲ ಎಷ್ಟು ಬಿಸಿಯಾಗಿದೆ ಎಂದು ಸರಿಯಾಗಿ ಗೊತ್ತಾದರೆ ತಾನೇ ಮುಂದಿನದನ್ನು ಅಂದಾಜು ಮಾಡುವುದು? ಲೋಕದ ನಕ್ಷೆಯಲ್ಲಿ ನಮ್ಮ ಈ ಕರಾವಳಿ ಪಟ್ಟಿಯಲ್ಲಿ ಹವಾಮಾನ ಕೇಂದ್ರಗಳು ಕಡಿಮೆ. ಅಣ್ಣನ ಅಂಕಿಗಳು ಬೇಕಾಗಿದ್ದವು. ಅವನಿಗೆ ಇದನ್ನು ಹೇಳಿದ ದಿನ ಅವನ ಮುಖ ನೋಡಬೇಕಿತ್ತು. ನಿವೃತ್ತಿಯ ದಿನ ಶಾಲು ಹೊದಿಸಿದಾಗಲೂ ಅಷ್ಟು ಹಿಗ್ಗಿರಲಿಲ್ಲ ಎಂದು ಅತ್ತಿಗೆ ಚುಚ್ಚಿದರು. ಆ ವರ್ಷವೇ ಅವನ ಕಿಡ್ನಿಗಳು ಕೈಬಿಟ್ಟವು.

ಕೈಬಿಟ್ಟ ಮೇಲೆ ಅವನಿಗೆ ಉಳಿದದ್ದು ಇದೊಂದೇ ಆಸೆ. ಉಪ್ಪು ಇಲ್ಲ, ಎಳನೀರು ಇಲ್ಲ, ಗಂಜಿಯ ತಿಳಿ ಕೂಡ ಅಳತೆ ನೋಡಿ. ಹೊರಗೆ ಕಾರ್ಕಳದ ಜಡಿಮಳೆ ಸುರಿಯುತ್ತಿದ್ದರೆ ಒಳಗೆ ಅವನು ಲೋಟದ ತಳದಲ್ಲಿರುವ ನೀರನ್ನು ನೋಡುತ್ತಾ ಕೂರಬೇಕು. ಮಕ್ಕಳಿಲ್ಲ. ಕಲಿಸಿದ ಹುಡುಗರು ಎಲ್ಲೆಲ್ಲೋ ಇದ್ದಾರೆ. ತಾನು ಬೆಳಿಗ್ಗೆ ಬೆಳಿಗ್ಗೆ ನೋಡಿದ ಆ ಅಂಕಿಗಳು ಲೋಕದ ಲೆಕ್ಕದಲ್ಲಿ ಸೇರುವುದನ್ನು ಕಣ್ಣಾರೆ ಕಾಣಬೇಕು, ಅಷ್ಟೆ.

ಆದರೆ ಅವು ಸೇರುವ ಹಾಗಿರಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಸಹೋದ್ಯೋಗಿಯೊಬ್ಬರಿದ್ದರು. ಬಿಜಾಪುರದ ಕಡೆಯವರು, ಅಂಕಿಗಳನ್ನು ಸೋಸುವುದರಲ್ಲಿ ಎತ್ತಿದ ಕೈ. ಅವರು ಒಂದು ದಿನ ಕಂಪ್ಯೂಟರಿನಲ್ಲಿ ಅಣ್ಣನ ಅಂಕಿಗಳ ಗೆರೆಯನ್ನು ತೋರಿಸಿದರು. ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಅದು ಅಕ್ಕಪಕ್ಕದ ಕೇಂದ್ರಗಳ ಜೊತೆ ಸರಿಯಾಗಿ ಹೆಜ್ಜೆ ಹಾಕುತ್ತಿತ್ತು. ಜೂನ್ ಬಂದದ್ದೇ ತಡ, ಬೇರೆ ದಾರಿ. ಅದೂ ಮೊದಲಿನಿಂದ ಅಲ್ಲ. ನಡುವೆ ಒಂದು ವರ್ಷ ಒಮ್ಮೆಗೇ ಮೇಲೆ ಹಾರಿ, ಆಮೇಲಿನ ಎಲ್ಲ ಮಳೆಗಾಲಗಳೂ ಅಷ್ಟೇ ಮೇಲೆ. ಹವೆ ಹಾಗೆ ಹಾರುವುದಿಲ್ಲ. ಪೆಟ್ಟಿಗೆಯಲ್ಲಿ ಏನೋ ಆಗಿದೆ, ಏನೆಂದು ಗೊತ್ತಿಲ್ಲದ ಮೇಲೆ ಈ ಕೇಂದ್ರವನ್ನು ಬಿಡುವುದೇ ಒಳ್ಳೆಯದು ಎಂದು ಅವರು ಮೆಲ್ಲಗೆ ಹೇಳಿದರು. ಯಾರ ಅಣ್ಣ ಎಂದು ಅವರಿಗೆ ಗೊತ್ತಿತ್ತು. ಬೇರೆ ಯಾರದಾದರೂ ಆಗಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಅದಕ್ಕೇ ಅವರ ಮೇಲೆ ಸಿಟ್ಟು ಬಂತು.

ಪೆಟ್ಟಿಗೆಯನ್ನು ಬೇರೆ ಕಡೆ ಇಟ್ಟಿದ್ದೆಯಾ ಎಂದು ಅಣ್ಣನನ್ನು ಕೇಳಿದೆ. ಇಲ್ಲ. ಥರ್ಮಾಮೀಟರ್ ಬದಲಿಸಿದ್ದೆಯಾ? ಇಲ್ಲ. ಹತ್ತಿರ ಮನೆ, ಕಾಂಕ್ರೀಟು, ಏನಾದರೂ ಬಂತಾ? ಇಲ್ಲ. ಪಾಪದ ಮನುಷ್ಯ, ಎಲ್ಲಕ್ಕೂ ಸತ್ಯವನ್ನೇ ಹೇಳಿದ. ಕೇಳಬೇಕಾದದ್ದನ್ನು ನಾನು ಕೇಳಲಿಲ್ಲ. ಇದೇ ಕಡೆಯವಳಾದ ನನಗೆ ಅದು ಕೇಳುವ ವಿಷಯವೆಂದೇ ಹೊಳೆಯಲಿಲ್ಲ.

ಮಳೆಗಾಲ ಮುಗಿಯುತ್ತಾ ಬಂದಿದ್ದ ಒಂದು ಭಾನುವಾರ ಆ ಸಹೋದ್ಯೋಗಿಯನ್ನೇ ಕಾರ್ಕಳಕ್ಕೆ ಕರೆದುಕೊಂಡು ಹೋದೆ. ಕಣ್ಣಾರೆ ನೋಡಿಯಾದರೂ ಬಿಡಿ ಎಂದು. ಅವತ್ತೂ ಎರಚಲು ಮಳೆ. ಕೊಡೆ ಹಿಡಿದು ಕೊಟ್ಟಿಗೆ ದಾಟಿ ಹಿಂದಕ್ಕೆ ಹೋದೆವು. ನಾನು ಮುಂದೆ, ಅವರು ಹಿಂದೆ. ಪೆಟ್ಟಿಗೆಯ ಎದುರು ಅವರು ನಿಂತೇಬಿಟ್ಟರು.

"ಮೇಡಂ, ಈ ಪೆಟ್ಟಿಗಿಗ್ಯಾಕ ರೇನ್‌ಕೋಟ್ ಹಾಕ್ಯಾರ್ರೀ?"

ಅವರು ಹೇಳಿದ ಮೇಲೆ ನನಗೂ ಕಂಡಿತು. ಮೂರು ಬದಿಗೂ ನೀಲಿ ಟರ್ಪಾಲು, ಅಂಚಿಗೆ ಹಗ್ಗ, ಹಗ್ಗಕ್ಕೆ ಅಣ್ಣನ ಅಚ್ಚುಕಟ್ಟಾದ ಗಂಟು. ಅದಕ್ಕೂ ಮೊದಲು ಎಷ್ಟೋ ಮಳೆಗಾಲಗಳಲ್ಲಿ ನಾನು ಅದನ್ನು ಜಗಲಿಯಿಂದ ನೋಡಿದ್ದೆ. ನಮ್ಮಲ್ಲಿ ಮಳೆಗಾಲಕ್ಕೆ ಏನನ್ನು ತಾನೇ ಮುಚ್ಚುವುದಿಲ್ಲ? ಮೇ ತಿಂಗಳು ಮುಗಿಯುವ ಮುಂಚೆ ಜಗಲಿಗೆ ಟರ್ಪಾಲು, ಸೌದೆಗೆ ಟರ್ಪಾಲು, ಬಚ್ಚಲ ಒಲೆಯ ಬಾಯಿಗೆ ತಗಡು, ಸ್ಕೂಟರಿಗೆ ಹಳೆಯ ಫ್ಲೆಕ್ಸು. ಮುಂಚೆ ಮಡಲು ಹೆಣೆದ ತಟ್ಟಿ ಕಟ್ಟುತ್ತಿದ್ದೆವು, ಈಗ ತೆಂಗಿನ ಗರಿ ಹೆಣೆಯುವ ಕೈಗಳಿಲ್ಲ, ಪೇಟೆಯಿಂದ ಟರ್ಪಾಲು ಬರುತ್ತದೆ. ಕಟ್ಟದೆ ಬಿಟ್ಟ ಮನೆಯೆಂದರೆ ಜನವಿಲ್ಲದ ಮನೆ ಎಂದೇ ಅರ್ಥ. ಜೋಪಾನವಾಗಿ ನೋಡಿಕೊಳ್ಳುವ ವಸ್ತುವನ್ನು ಜೂನಿನಲ್ಲಿ ಬಯಲಿಗೆ ಬಿಡಲು ನಮ್ಮವರ ಕೈ ಬರುವುದಿಲ್ಲ. ವರ್ಷಕ್ಕೆ ನಾಲ್ಕು ಹನಿ ಬೀಳುವ ಊರಿನಿಂದ ಬಂದವರಿಗೆ ಮಾತ್ರ ಅದು ಕಣ್ಣಿಗೆ ಬಿತ್ತು.

ಉಳಿದದ್ದೆಲ್ಲ ಒಂದರ ಹಿಂದೆ ಒಂದು ತಾನಾಗಿ ಬಿಡಿಸಿಕೊಂಡಿತು. ಅಣ್ಣ ಮೊದಲ ವರ್ಷದಿಂದಲೂ ಮಳೆಗಾಲಕ್ಕೆ ಪೆಟ್ಟಿಗೆಗೆ ತಟ್ಟಿ ಕಟ್ಟುತ್ತಿದ್ದ. ತಟ್ಟಿಯ ಸಂದಿನಲ್ಲಿ ಗಾಳಿ ಆಡುತ್ತಿತ್ತು. ಆಮೇಲೆ ಒಂದು ವರ್ಷ ತಟ್ಟಿ ಹೋಗಿ ಟರ್ಪಾಲು ಬಂತು. ಗಾಳಿ ನಿಂತಿತು, ಎರಚಲಿಗೆ ನೆನೆದು ತಂಪಾಗಬೇಕಿದ್ದ ಪೆಟ್ಟಿಗೆ ಒಣಗಿಯೇ ಉಳಿಯಿತು, ಒಳಗಿನ ಪಾದರಸ ಒಂದಿಷ್ಟು ಮೇಲೆ ನಿಂತಿತು. ತಮಾಷೆಯೆಂದರೆ, ಮೊದಲಿನಿಂದ ಕೊನೆಯವರೆಗೂ ಒಂದೇ ತಪ್ಪು ಮಾಡಿದ್ದರೆ ನಮಗೆ ಅಷ್ಟು ತೊಂದರೆಯಾಗುತ್ತಿರಲಿಲ್ಲ. ನಮಗೆ ಬೇಕಾದದ್ದು ಕಾರ್ಕಳ ಎಷ್ಟು ಬಿಸಿ ಎಂಬುದಲ್ಲ, ಕಾರ್ಕಳ ತನ್ನ ಹಿಂದಿನ ದಿನಗಳಿಗಿಂತ ಎಷ್ಟು ಬಿಸಿಯಾಯಿತು ಎಂಬುದು. ಅವನು ತಪ್ಪಿದ್ದಕ್ಕಿಂತ ತಪ್ಪನ್ನು ನಡುವೆ ಬದಲಿಸಿದ್ದೇ ನಮ್ಮ ಕಷ್ಟ.

ಅಣ್ಣ ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದ. ಅವನಿಗೆ ಹೇಳದೆ ಇರಬಹುದಿತ್ತು. ಕಾರಣ ಸಿಗಲಿಲ್ಲ ಎಂದು ಹೇಳಿ ಹಾಗೇ ಎಳೆದುಕೊಂಡು ಹೋಗಬಹುದಿತ್ತು, ಅವನ ಆರೋಗ್ಯ ನೋಡಿದರೆ ಬಹಳ ಕಾಲ ಎಳೆಯಬೇಕಾಗಿಯೂ ಇರಲಿಲ್ಲ. ಈ ಯೋಚನೆ ಬಂದದ್ದಕ್ಕೆ ನನಗೇ ಹೇಸಿಗೆಯಾಯಿತು. ಹೇಳಿದೆ.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಥರ್ಮಾಮೀಟರ್ ನೆನೆಯಬಾರದು ಎಂದು ತಾನೇ ಇರುವುದು ಎಂದ. ಥರ್ಮಾಮೀಟರ್ ನೆನೆಯಬಾರದು, ಪೆಟ್ಟಿಗೆ ನೆನೆಯಬಹುದು, ಅದನ್ನು ಬಯಲಿನಲ್ಲಿ ಇಡುವುದೇ ಅದಕ್ಕೆ ಎಂದೆ. ಅವನು ಹಿತ್ತಿಲ ಕಡೆ ನೋಡಿದ. ಗಾಳಿ ಆಡಬೇಕು ಎಂದು ತಲೆಮಾರುಗಟ್ಟಲೆ ಮಕ್ಕಳಿಗೆ ಬೋರ್ಡಿನ ಮೇಲೆ ಆ ಪೆಟ್ಟಿಗೆಯ ಚಿತ್ರ ಬರೆದು ಹೇಳಿದವನು ಅವನು. ಅವನಿಗೆ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

"ಹಾಗಾದರೆ ಎಲ್ಲ ತೆಗೆದು ಬಿಸಾಡು" ಎಂದ.

ಅಲ್ಲಿಯ ತನಕ ಬಾಗಿಲ ಸಂದಿಯಲ್ಲಿ ನಿಂತಿದ್ದ ಅತ್ತಿಗೆ ಹೊರಗೆ ಬಂದರು. ನನಗೆ ಅತ್ತಿಗೆಯ ಸಿಟ್ಟಿನ ಪರಿಚಯ ಉಂಟು. ಅದು ಪಾತ್ರೆಗಳ ಮೇಲೆ ಹೋಗುವ ಸಿಟ್ಟು, ಮನುಷ್ಯರ ಮೇಲೆ ಬರುವುದಲ್ಲ. ಅವತ್ತು ಮಾತ್ರ ನನ್ನ ಮುಖ ನೋಡಿಯೇ ಹೇಳಿದರು. "ಬಿಸಾಡಲಿಕ್ಕೆ ಅದೆಂತ ಹಳಸಿದ ಸಾರಾ? ಮಳೆಗೆ ಕೊಡೆ ಹಿಡಿದು ನಿಂತವಳು ನಾನು. ಸರಿ ಮಾಡಲಿಕ್ಕೆ ಆಗುತ್ತದಾ ಇಲ್ಲವಾ, ಅದನ್ನು ಹೇಳು. ಇಷ್ಟು ಕಲಿತಿದ್ದೀಯಲ್ಲ."

ಆಗುತ್ತದೆ ಎಂದು ನನಗೆ ಗೊತ್ತಿತ್ತು. ಹೇಗೆ ಎಂದೂ ಗೊತ್ತಿತ್ತು. ಹೇಳಲು ಬಾಯಿ ಬರುತ್ತಿರಲಿಲ್ಲ, ಅಷ್ಟೆ. ಅದೇ ಬಯಲಿನಲ್ಲಿ ಅಂಥದ್ದೇ ಇನ್ನೂ ಎರಡು ಪೆಟ್ಟಿಗೆ ನಿಲ್ಲಿಸಬೇಕು. ಒಂದಕ್ಕೆ ಟರ್ಪಾಲು, ಅಣ್ಣ ಕಟ್ಟುತ್ತಿದ್ದ ಹಾಗೆಯೇ. ಒಂದಕ್ಕೆ ಮಡಲಿನ ತಟ್ಟಿ, ಹಳೆಯ ಹಾಗೆಯೇ. ಒಂದು ಬರಿ ಮೈಯಲ್ಲಿ. ಇಡೀ ಮಳೆಗಾಲ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಟರ್ಪಾಲು ಎಷ್ಟು ಸೇರಿಸಿತು, ತಟ್ಟಿ ಎಷ್ಟು ಸೇರಿಸಿತು ಎಂದು ಗೊತ್ತಾಗುತ್ತದೆ. ಅಷ್ಟನ್ನು ಕಳೆದರೆ ಅಣ್ಣನ ಅಂಕಿಗಳು ಶುದ್ಧವಾಗುತ್ತವೆ. ಆದರೆ ಈ ಮಳೆಗಾಲ ಮುಗಿಯುತ್ತಾ ಬಂದಿತ್ತು. ಇನ್ನು ಮುಂದಿನ ಜೂನ್ ಬರಬೇಕು, ಅದು ಮುಗಿಯಬೇಕು. ಡಯಾಲಿಸಿಸ್ ರೋಗಿಗೆ ಇನ್ನೊಂದು ಮಳೆಗಾಲ ಕಾಯಿ ಎಂದು ಹೇಳುವುದು ಹೇಗೆ?

ಕೊನೆಗೂ ಹೇಳಿದೆ. ಅಣ್ಣ ಬಸ್ಸಿನ ಸಮಯ ಕೇಳಿದವನ ಹಾಗೆ ತಲೆಯಾಡಿಸಿದ. "ಇರ್ತೇನೆ ಬಿಡು. ತಟ್ಟಿಗೆ ಗರಿ ಈಗಲೇ ನೆನೆಹಾಕಬೇಕಾ?" ಎಂದ. ಅತ್ತಿಗೆ ನಕ್ಕರು, ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ನಡುವಿನ ಆ ವರ್ಷ ಹೇಗೆ ಕಳೆಯಿತೋ ನನಗೆ ಸರಿಯಾಗಿ ನೆನಪಿಲ್ಲ. ಇನ್ನಂಜೆಯಿಂದ ಬಸ್ಸು, ಉಡುಪಿಯಲ್ಲಿ ಇಳಿದು ಇನ್ನೊಂದು ಬಸ್ಸು, ಪಾಠ, ಉತ್ತರಪತ್ರಿಕೆ, ಅಣ್ಣನ ಹಾಸಿಗೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿ, ಮತ್ತೆ ಬಸ್ಸು. ಬೇಸಿಗೆಯಲ್ಲಿ ಒಮ್ಮೆ ಅವನ ಶ್ವಾಸಕೋಶದಲ್ಲಿ ನೀರು ತುಂಬಿ, ಇನ್ನಿಲ್ಲ ಎನ್ನುವ ಹಾಗಾಯಿತು. ಕಾರ್ಕಳದ ಬಡಗಿ ಆಗಷ್ಟೇ ಹೊಸ ಪೆಟ್ಟಿಗೆಗಳನ್ನು ತಂದಿಟ್ಟು ಹೋಗಿದ್ದ. ಆಸ್ಪತ್ರೆಯಿಂದ ಮರಳಿದವನು ಜಗಲಿಯಲ್ಲಿ ಕೂತು, ಬಿಳಿ ಬಣ್ಣ ಎರಡು ಸಲ ಹೊಡೆಯಲು ಹೇಳಿದನಂತೆ. ಬದುಕುವುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ನೆಪ ಬೇಕು. ಅವನ ನೆಪ ಹಿತ್ತಿಲಿನಲ್ಲಿ ಬಣ್ಣ ಒಣಗಿಸಿಕೊಳ್ಳುತ್ತಿತ್ತು.

ತಟ್ಟಿ ಹೆಣೆದವರು ಅತ್ತಿಗೆ. ಅಣ್ಣನ ಕೈಗೆ ಆ ಶಕ್ತಿ ಇರಲಿಲ್ಲ. ಎಡಗೈಯಲ್ಲಿ ಸೂಜಿ ಚುಚ್ಚುವ ಜಾಗ ಉಬ್ಬಿ, ಭಾರ ಎತ್ತಬಾರದು ಎಂದಿದ್ದರು. ಅವನು ಪಕ್ಕದಲ್ಲಿ ಕೂತು ಅಷ್ಟು ಬಿಗಿ ಬೇಡ, ಮುಂಚೆ ಹೀಗೆ ಇರಲಿಲ್ಲ ಎಂದು ತಪ್ಪು ಹಿಡಿಯುತ್ತಿದ್ದ. ಅತ್ತಿಗೆ ಬಿಚ್ಚಿ ಮತ್ತೆ ಹೆಣೆದರು. ಟರ್ಪಾಲಿನ ಗಂಟನ್ನು ಮಾತ್ರ ಯಾರಿಗೂ ಬಿಡದೆ ಬಲಗೈಯಿಂದ ಅವನೇ ಹಾಕಿದ. ಮೂರು ಬಿಳಿ ಪೆಟ್ಟಿಗೆಗಳು ಸಾಲಾಗಿ ನಿಂತದ್ದನ್ನು ಕಂಡು ದಾರಿಯಲ್ಲಿ ಹೋಗುವವರು, ಹೊಸದಾಗಿ ಎಂತದಾದರೂ ದೈವ ನಂಬಿ ಗುಡಿ ಕಟ್ಟಿದ್ದೀರಾ ಎಂದು ಅತ್ತಿಗೆಯನ್ನು ಕೇಳಿದರಂತೆ. ಒಬ್ಬರಂತೂ ಚಪ್ಪಲಿ ಕಳಚಿಯೇ ಹತ್ತಿರ ಹೋಗಿದ್ದರು.

ಜೂನ್ ಬಂತು. ಮಳೆ ತಡವಾಗಿ ಬಂತು, ಬಂದ ಮೇಲೆ ಬಿಡಲಿಲ್ಲ. ನನ್ನ ಸಹೋದ್ಯೋಗಿ ಮೂರೂ ಪೆಟ್ಟಿಗೆಗಳಲ್ಲಿ ಥರ್ಮಾಮೀಟರಿನ ಜೊತೆ ತಾನಾಗಿ ದಾಖಲಿಸುವ ಉಪಕರಣ ಇಟ್ಟಿದ್ದರು. ಅಣ್ಣನಿಗೆ ಅದರ ಮೇಲೆ ವಿಶ್ವಾಸವಿರಲಿಲ್ಲ. ಬೆಳಿಗ್ಗೆ ಅತ್ತಿಗೆ ಕೊಡೆ ಹಿಡಿದು ಹೋಗಿ ಮೂರನ್ನೂ ಓದಿ, ಜಗಲಿಯಲ್ಲಿದ್ದ ಅವನಿಗೆ ಕೂಗಿ ಹೇಳಬೇಕು. ಅತ್ತಿಗೆಗೆ ಸಹಿಸಲಾಗದೆ ಇದ್ದದ್ದು ಆ ಬರಿ ಮೈಯ ಪೆಟ್ಟಿಗೆ. ಫೋನ್ ಮಾಡಿದಾಗಲೆಲ್ಲ ಅದೇ ಮಾತು: ಅದು ನೆನೆಯುತ್ತಾ ಉಂಟು ಮಾರಾಯ್ತಿ, ನೋಡಲಿಕ್ಕೆ ಆಗುವುದಿಲ್ಲ. ಹಾಗೇ ಬಿಡಿ ಅತ್ತಿಗೆ, ಮುಟ್ಟಬೇಡಿ ಎಂದು ನಾನು. ದೀಪಾವಳಿ ಹತ್ತಿರ ಬರುವ ತನಕ ಇದು ನಡೆಯಿತು.

ಮಳೆ ಹಿಂದೆ ಸರಿದ ಮೇಲೆ ಸಹೋದ್ಯೋಗಿ ಅಂಕಿಗಳನ್ನು ತೆಗೆದುಕೊಂಡು ಕುಳಿತರು. ಟರ್ಪಾಲು ಎಷ್ಟು ಸೇರಿಸಿತ್ತು ಎಂದು ಕಂಡಿತು. ದೊಡ್ಡದೇನಲ್ಲ, ಒಂದು ಡಿಗ್ರಿಯ ಒಂದು ತುಂಡು. ತಟ್ಟಿಯದು ಅದಕ್ಕಿಂತಲೂ ಸಣ್ಣದು. ಅಷ್ಟನ್ನು ಕಳೆದದ್ದೇ ತಡ, ನಡುವಿನ ಹಾರಿಕೆ ಮಾಯವಾಯಿತು. ಅಣ್ಣನ ಮಳೆಗಾಲಗಳು ಹೋಗಿ ಅಕ್ಕಪಕ್ಕದ ಕೇಂದ್ರಗಳ ಸಾಲಿನಲ್ಲಿ ನಿಂತವು. ಹಾರಿಕೆ ಹೋದರೂ ಗೆರೆ ಮಟ್ಟಸವಾಗಲಿಲ್ಲ. ಉಳಿದವರ ಗೆರೆಗಳ ಹಾಗೆ ಅದೂ ಮೆಲ್ಲಗೆ ಮೇಲಕ್ಕೇ ಹೋಗುತ್ತಿತ್ತು. ಸಹೋದ್ಯೋಗಿ ಕನ್ನಡಕ ತೆಗೆದು ಒರೆಸಿಕೊಂಡು, ನಿಮ್ಮ ಅಣ್ಣಾರು ಗಟ್ಟಿ ಮನಷ್ಯಾರ್ರೀ, ಒಂದ ದಿನ ಬಿಟ್ಟಿಲ್ಲ ಎಂದರು. ಅಣ್ಣನ ಅಂಕಿಗಳನ್ನು ಸೇರಿಸಿಕೊಂಡು ಇಡೀ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮತ್ತೆ ಓಡಿಸಿದೆವು. ಕಡೆಗೆ ಬರುವ ಅಂಕಿ, ಅನಿಲ ಎರಡು ಪಟ್ಟಾದರೆ ಇಷ್ಟು ಎನ್ನುವ ಆ ಅಂಕಿ, ಮುಂಚೆ ಎಲ್ಲಿತ್ತೋ ಅಲ್ಲಿಯೇ ಇತ್ತು. ಇರಲೇಬೇಕು. ಲೋಕದ ಸಾವಿರಾರು ಕೇಂದ್ರಗಳ ನಡುವೆ ಕಾರ್ಕಳದ ಹಿತ್ತಿಲಿನ ಒಂದು ಪೆಟ್ಟಿಗೆ ಏನನ್ನು ಅಲುಗಾಡಿಸೀತು?

ಮರುದಿನ ಲ್ಯಾಪ್‌ಟಾಪ್ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಅಣ್ಣ ಅರ್ಧವಾಗಿದ್ದ. ಹೊದಿಕೆಯ ಕೆಳಗೆ ಮನುಷ್ಯ ಇದ್ದಾನೆಂದು ಹುಡುಕಬೇಕಿತ್ತು. ಅವನು ಕೇಳುವ ಮುಂಚೆಯೇ, ಬಂತು ಅಣ್ಣ, ನಿನ್ನದು ಲೆಕ್ಕಕ್ಕೆ ಬಂತು ಎಂದೆ. ಗೆರೆ ತೋರಿಸಿದೆ. ಅವನು ಬಲಗೈಯ ಬೆರಳನ್ನು ಪರದೆಯ ಮೇಲೆ ಆ ತುದಿಯಿಂದ ಈ ತುದಿಯ ತನಕ ಎಳೆದ. ಪಕ್ಕದ ಕುರ್ಚಿಯಲ್ಲಿ ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡರು. ನನಗೆ ಅಷ್ಟಕ್ಕೇ ಎದ್ದು ಹೋಗಬೇಕು ಅನ್ನಿಸಿತ್ತು.

"ಎಷ್ಟು ಕಡಿಮೆ ಆಯಿತು?" ಎಂದು ಕೇಳಿದ.

ಅವನ ಪೆಟ್ಟಿಗೆಯ ವಿಷಯ ಎಂದುಕೊಂಡು ಟರ್ಪಾಲಿನ ಪಾಲನ್ನು ಹೇಳಿದೆ. ಅದಲ್ಲ, ಎಂದು ತಲೆಯಾಡಿಸಿದ. ಒಟ್ಟು ಲೋಕದ್ದು, ನಿನ್ನ ಆ ಎರಡೂವರೆ-ನಾಲ್ಕು, ಅದು ಎಷ್ಟು ಇಳಿಯಿತು?

ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಏನೂ ಇಳಿಯಲಿಲ್ಲ, ಇದ್ದಲ್ಲಿಯೇ ಉಂಟು ಎಂದೆ. ಇಷ್ಟು ವರ್ಷ ಕೊಡೆ ಹಿಡಿದದ್ದಕ್ಕೆ ಲೋಕದಲ್ಲಿ ಒಂದು ಚುಕ್ಕೆಯೂ ಕದಲಲಿಲ್ಲವಲ್ಲ ಎಂದು ಅವನಿಗೆ ನೋಯುತ್ತದೆ ಎಂದುಕೊಂಡೆ. ಅದಕ್ಕೆ ಸಮಾಧಾನದ ಮಾತನ್ನೂ ಜೋಡಿಸಿಟ್ಟುಕೊಂಡಿದ್ದೆ: ಬದಲಾಗಲಿಲ್ಲ ಎಂದರೆ ನೀನು ನೋಡಿದ್ದೂ ಲೋಕದವರು ನೋಡಿದ್ದೂ ಒಂದೇ ಎಂದು ಅರ್ಥ, ನೀನು ಸರಿಯಾಗಿಯೇ ನೋಡಿದ್ದೀ ಎಂದು ಅರ್ಥ. ಅದನ್ನು ಹೇಳಿದೆ ಕೂಡ. ಅವನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಯಂತ್ರದೊಳಗೆ ಅವನ ರಕ್ತ ಸುತ್ತುತ್ತಿತ್ತು.

"ನನಗೆ ಬೇರೆಯೇ ಒಂದು ಆಸೆ ಇತ್ತು" ಎಂದ. "ನೀನು ಟರ್ಪಾಲಿನ ವಿಷಯ ಹೇಳಿದ ದಿನದಿಂದ. ಲೋಕದಲ್ಲಿ ಎಲ್ಲರೂ ನನ್ನ ಹಾಗೆಯೇ ಎಂತದಾದರೂ ಕಟ್ಟಿರಬಹುದು ಅಂತ. ಅದನ್ನು ತೆಗೆದರೆ ಒಳಗೆ ಬಿಸಿ ಇರುವುದಿಲ್ಲ ಅಂತ. ತಪ್ಪು ನಮ್ಮದೇ ಆಗಿದ್ದರೆ ಒಳ್ಳೆಯದಿತ್ತಲ್ಲ?"

ಅತ್ತಿಗೆ ನನ್ನ ಮುಖ ನೋಡಿದರು. ಪ್ರತಿದಿನ ಬೆಳಿಗ್ಗೆ ಗುಡ್ಡ ಹತ್ತಿ ಹೋಗಿ, ಕಂಪ್ಯೂಟರ್ ಹಚ್ಚಿ, ಹೊಸ ಅಂಕಿಗಳನ್ನು ತೆರೆಯುವ ಆ ಒಂದು ಕ್ಷಣದಲ್ಲಿ ನಾನು ಇಷ್ಟು ವರ್ಷ ಏನನ್ನು ಹುಡುಕುತ್ತಿದ್ದೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಎಲ್ಲಾದರೂ, ಯಾರದಾದರೂ ಹಿತ್ತಿಲಿನಲ್ಲಿ, ಮರೆತು ಬಿಟ್ಟ ಒಂದು ಟರ್ಪಾಲು.

"ನನಗೂ ಅದೇ ಆಸೆ ಇತ್ತು ಅಣ್ಣ" ಎಂದೆ.